ಯಜಮಾನರು ಊಟ ಬಿಟ್ಟರು

ನಮ್ಮತ್ತೆ ಮದುವೆಯಾದವಳಲ್ಲ. ಆದರೂ ಬೀದಿಯಲ್ಲಿ ಎದುರು ಸಿಕ್ಕವರೆಲ್ಲ "ಯಜಮಾನರು ಹೇಗಿದ್ದಾರೆ?" ಎಂದೇ ಅವಳನ್ನು ವಿಚಾರಿಸುತ್ತಿದ್ದರು. ಅವಳೂ ಅಷ್ಟೇ ಗಂಭೀರವಾಗಿ, "ಚೆನ್ನಾಗಿದ್ದಾರೆ, ಬಿಸಿಲು ಕಾಯಿಸ್ತಾ ಕೂತಿದ್ದಾರೆ" ಎನ್ನುತ್ತಿದ್ದಳು.

ಯಜಮಾನರು ಎಂದರೆ ಆಮೆ. ತಂದಾಗ ಅಂಗೈಯೊಳಗೆ ಅಡಗುವಷ್ಟಿದ್ದದ್ದು ಬೆಳೆದು ಊಟದ ತಟ್ಟೆಯಷ್ಟಾಗಿತ್ತು. ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟೆ, ಕತ್ತಿನ ತುಂಬ ಹಳದಿ ಗೆರೆ, ಮುಖದ ಮೇಲೆ ಸದಾ ಯಾರದೋ ತಪ್ಪು ಹಿಡಿದಂಥ ಕಳೆ. ಅತ್ತೆ ಅದನ್ನು ಮನೆಗೆ ತಂದ ವರ್ಷವೇ ಅವಳಿಗೆ ಕೊನೆಯ ಸಂಬಂಧ ಬಂದಿತ್ತಂತೆ. ಅವಳು ಬೇಡ ಎಂದಳು. ತಾತ ಕಾರಣ ಕೇಳಿದ್ದಕ್ಕೆ ನೀರಿನ ಟಬ್ಬಿನ ಕಡೆ ಕೈ ತೋರಿಸಿ, ಒಂದು ಮನೆಗೆ ಒಬ್ಬರೇ ಯಜಮಾನರು ಸಾಕು ಎಂದಳಂತೆ. ಅಂದಿನಿಂದ ಆ ಹೆಸರು ನಿಂತಿತು. ಅತ್ತೆಯನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ಅಪ್ಪನನ್ನೂ ಅಷ್ಟೆ. ಮನೆಯಲ್ಲಿ ನನ್ನಿಂದ ಬಹುವಚನದ ಮರ್ಯಾದೆ ಸಿಗುತ್ತಿದ್ದುದು ಆ ಆಮೆ ಒಂದಕ್ಕೇ.

ನಾವಿದ್ದದ್ದು ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲ್, ಬಟ್ಟೆ ಒಣಹಾಕಿದರೆ ಮನುಷ್ಯರು ನಿಲ್ಲಲಾಗದಂಥ ಬಾಲ್ಕನಿ. ದೊಡ್ಡ ಕೋಣೆ ಅಪ್ಪ ಅಮ್ಮನದು, ಚಿಕ್ಕದು ಅತ್ತೆ ಮತ್ತು ಯಜಮಾನರದು. ನಾನು ಹಾಲ್‌ನಲ್ಲಿ ಮಲಗುತ್ತಿದ್ದೆ. ಅಪ್ಪ ಬಸ್ ಡಿಪೋದಲ್ಲಿ ಡ್ರೈವರ್ ಕಂಡಕ್ಟರ್‌ಗಳಿಗೆ ಪಾಳಿ ಹಾಕುವವನು. ಯಾರು ಎಲ್ಲಿ ಇರಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಹೇಳಿ ಹೇಳಿ ಅದು ಅವನ ಸ್ವಭಾವವೇ ಆಗಿಹೋಗಿತ್ತು. ಅತ್ತೆ ಅವನಿಗೆ ಅಕ್ಕ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ಅವಳ ಕೆಲಸ. ಒದ್ದೆ ಹಾಸಿಗೆ ಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ಬಿಡುವುದು, ಆ ಕಡೆಯಿಂದ ಬಂದದ್ದನ್ನು ಇನ್ನೊಬ್ಬಳ ಜೊತೆ ಮೂಲೆಗೆ ಮೂಲೆ ಹಿಡಿದು ಮಡಚುವುದು. ಅವಳ ಬೆರಳ ತುದಿಗಳಿಗೆ ಶಾಖ ಅನ್ನುವುದೇ ತಿಳಿಯುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಯಜಮಾನರು ಊಟ ಬಿಟ್ಟರು. ಮೊದಲು ಡಬ್ಬಿಯ ಆಹಾರದ ಉಂಡೆಗಳು ಹಾಗೇ ತೇಲಿ, ಉಬ್ಬಿ, ನೀರು ಕದಡಿದವು. ಆಮೇಲೆ ಸೊಪ್ಪು ಬೇಡವಾಯಿತು, ಕ್ಯಾರೆಟ್ ಬೇಡವಾಯಿತು. ಕೊನೆಗೆ ಒಣ ಸೀಗಡಿಯನ್ನೂ ಮುಟ್ಟಲಿಲ್ಲ. ಸೀಗಡಿ ಡಬ್ಬಿಯ ಸದ್ದು ಕೇಳಿದರೆ ಮೊದಲೆಲ್ಲ ಟಬ್ಬಿನ ಅಂಚಿಗೆ ಕತ್ತು ಚಾಚುತ್ತಿದ್ದವರು ಅವರು. ಅತ್ತೆ ಚಿಮುಟದಲ್ಲಿ ಹಿಡಿದು ಬಾಯಿಯ ಹತ್ತಿರ ಒಯ್ದರೆ, ಬೇಡದ ನೆಂಟರನ್ನು ಕಂಡವರಂತೆ ಮುಖ ತಿರುಗಿಸಿಬಿಡುತ್ತಿದ್ದರು. ಸುಮ್ಮನೆ ಮಲಗಿದ್ದರೆ ಕಾಯಿಲೆ ಎನ್ನಬಹುದಿತ್ತು. ಆದರೆ ಅವರು ಹಗಲೆಲ್ಲ ಟಬ್ಬಿನ ಗೋಡೆಯನ್ನು ಪರಪರ ಕೆರೆಯುತ್ತಿದ್ದರು. ಬಿಸಿಲು ಕಾಯುವ ಹಲಗೆಯ ಮೇಲಿಂದ ಹೊರಕ್ಕೆ ಬಿದ್ದು, ಬೀರುವಿನ ಅಡಿ ಸೇರಿ, ಅಲ್ಲೂ ನೆಲ ಕೆರೆಯುತ್ತಿದ್ದರು.

ಅಪ್ಪ ಬಾಗಿಲಲ್ಲಿ ನಿಂತು ನೋಡಿ, ವಯಸ್ಸಾಯಿತು, ತಾವಾಗಿಯೇ ಊಟ ಬಿಟ್ಟಿದ್ದಾರೆ ಅಂದರೆ ಹೊರಡುವ ಹೊತ್ತಾಯಿತು ಅಂತ, ಎಂದ.

"ನೀನು ಪಾಳಿ ಹಾಕೋದು ಬಸ್ಸಿಗೆ" ಎಂದಳು ಅತ್ತೆ ತಲೆ ಎತ್ತದೆ. "ಇವರಿಗಲ್ಲ."

ಅಪ್ಪ ವಿಷಯ ಬಿಡಲಿಲ್ಲ. ಮಾರನೆಯ ದಿನ, ಪಾರ್ಕಿನ ಕೊಳದಲ್ಲಿ ಬಿಟ್ಟುಬಿಡೋಣ, ಹೊರಗೆ ಹೋಗಬೇಕು ಅಂತಲೇ ಅದು ಹಾಗೆ ಕೆರೆಯುತ್ತಿರುವುದು, ಎಂದ. ಟಬ್ಬಿನ ಜಾಗ ಖಾಲಿಯಾದರೆ ಅಲ್ಲಿ ನನಗೊಂದು ಮಂಚ ಹಾಕಬಹುದು ಎಂಬ ಲೆಕ್ಕ ಅವನ ತಲೆಯಲ್ಲಿ ಬಹಳ ದಿನದಿಂದ ಇತ್ತು. ಟಬ್ಬಿನ ಮೇಲೆ ಉರಿಯುವ ಬಲ್ಬಿನ ಬಿಸಿಗೆ ಒಗ್ಗಿದ ಜೀವ ಆ ಕೊಳದಲ್ಲಿ ಒಂದು ಚಳಿಗಾಲ ಕಳೆಯುವುದಿಲ್ಲ ಎಂದು ಅತ್ತೆ ಹೇಳಿದಳು. ಅಮ್ಮ ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ಅವಳಿಗೂ ಆ ಟಬ್ಬಿನ ವಾಸನೆ ಸಾಕಾಗಿತ್ತು. ಶಿಶುವಿಹಾರದಲ್ಲಿ ದಿನವಿಡೀ ಮಕ್ಕಳ ಮೂಗು ಒರೆಸಿ ಬಂದು ಮನೆಯಲ್ಲೂ ಒರೆಸುವ ಕೆಲಸ ಅವಳಿಗೆ ಬೇಕಿರಲಿಲ್ಲ.

ಸಂಜೆ ಅತ್ತೆ ಮತ್ತು ನಾನು ಬೀದಿ ಕೊನೆಯ ಪ್ರಾಣಿ ಡಾಕ್ಟರ ಹತ್ತಿರ ಹೋದೆವು. ನಾಯಿ ಬೆಕ್ಕುಗಳ ಸಾಲಿನಲ್ಲಿ ನಮ್ಮದೊಂದು ಬುಟ್ಟಿ. ಡಾಕ್ಟರು ಆಮೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ತಮಗೆ ಆಮೆಗಳ ವಿಷಯ ಅಷ್ಟು ಗೊತ್ತಿಲ್ಲ ಎಂದರು. ತುಂಬ ಒದ್ದಾಡುತ್ತಿದ್ದರೆ ನೋವಾಗದ ಹಾಗೆ ಮಲಗಿಸಿಬಿಡಬಹುದು ಎಂದೂ ಸೇರಿಸಿದರು.

"ಗೊತ್ತಿಲ್ಲ ಅಂದಿರಲ್ಲ, ಅಲ್ಲಿಗೇ ನಿಲ್ಲಿಸಿ ಸ್ವಾಮಿ" ಎಂದಳು ಅತ್ತೆ. "ಗೊತ್ತಿರೋರು ಯಾರು ಅಂತ ಹೇಳಿ."

ಡಾಕ್ಟರು ಒಳ್ಳೆಯವರು, ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲೇ ಯಾರಿಗೋ ಫೋನ್ ಮಾಡಿ, ಊರಿನ ಇನ್ನೊಂದು ತುದಿಯಲ್ಲಿ ಹಾವು, ಆಮೆ, ಹಲ್ಲಿಗಳನ್ನೇ ನೋಡುವ ಡಾಕ್ಟರೊಬ್ಬರಿದ್ದಾರೆ, ಬೆಳಿಗ್ಗೆಯ ಹೊತ್ತು ಹೋಗಿ, ಎಂದರು.

ಬೆಳಿಗ್ಗೆ ಹೋಗಬೇಕೆಂದರೆ ರಜೆ ಬೇಕು. ಮರುದಿನ ಅತ್ತೆ ಕೆಲಸದಲ್ಲಿ ಕೇಳಿದಳು. ಲಾಂಡ್ರಿಯ ಇನ್‌ಚಾರ್ಜ್ ಕೆಟ್ಟವನಲ್ಲ, ಸುಲಭದ ದಾರಿ ಹುಡುಕುವವನು. ಆಮೆಗೆ ಹುಷಾರಿಲ್ಲ ಎಂದು ರಜೆ ಕೊಟ್ಟರೆ ನಾಳೆ ಎಲ್ಲರ ಮನೆಯ ಕೋಳಿಗೂ ಹುಷಾರು ತಪ್ಪುತ್ತದೆ, ನಿಮಗೇ ಜ್ವರ ಅಂತ ಹೇಳಿಬಿಡಿ, ಎಂದನಂತೆ. ಯಂತ್ರದ ಸುತ್ತ ನಿಂತಿದ್ದ ಹೆಂಗಸರು ನಕ್ಕರಂತೆ. ಇಷ್ಟು ವರ್ಷ ಜ್ವರ ಬಂದಾಗಲೂ ಈ ಯಂತ್ರದ ಮುಂದೆ ನಿಂತಿದ್ದೇನೆ, ಈಗ ಇಲ್ಲದ ಜ್ವರವನ್ನು ಹೇಳಿಕೊಳ್ಳುವುದಿಲ್ಲ, ಆಮೆಗೆ ಅಂತಲೇ ಹೇಳುತ್ತೇನೆ, ಕೊಟ್ಟರೆ ಕೊಡಿ, ಕೊಡದಿದ್ದರೂ ನಾಳೆ ನಾನಿಲ್ಲ, ಎಂದು ಹೇಳಿ ಅತ್ತೆ ಮತ್ತೆ ಮಡಚಲು ನಿಂತಳಂತೆ. ರಜೆ ಸಿಕ್ಕಿತೋ ಇಲ್ಲವೋ ಅವಳು ಕೇಳಲೂ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಗೆ ಮಾರನೆಯ ದಿನ ವಾರದ ರಜೆ, ಹಾಗಾಗಿ ನಾನೂ ಜೊತೆಗೆ ಹೊರಟೆ.

ಆ ಡಾಕ್ಟರು ನನಗಿಂತ ನಾಲ್ಕಾರು ವರ್ಷ ದೊಡ್ಡ ಹುಡುಗಿ. ಯಜಮಾನರ ಹಿಂಗಾಲಿನ ಮುಂದೆ, ಚಿಪ್ಪಿನ ಸಂದಿಯಲ್ಲಿ ಬೆರಳಿಟ್ಟು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದಾಗ ಚಿಪ್ಪಿನೊಳಗೆ ಬೆಳ್ಳಗೆ, ಉದ್ದುದ್ದ, ಒಂದಕ್ಕೊಂದು ಆತುಕೊಂಡ ಆಕಾರಗಳು ಕಂಡವು.

"ಇವರಿಗೆ ಯಜಮಾನರು ಅಂತ ಹೆಸರಿಟ್ಟಿದ್ದು ಯಾರು?" ಎಂದರು ಡಾಕ್ಟರು. "ಇವು ಮೊಟ್ಟೆ."

ಅತ್ತೆ ಫಿಲ್ಮಿನ ಹತ್ತಿರ ಹೋಗಿ ನೋಡಿದಳು, ಆಮೆಯನ್ನು ನೋಡಿದಳು, ಮತ್ತೆ ಫಿಲ್ಮು ನೋಡಿದಳು. ಇಷ್ಟು ವರ್ಷದಲ್ಲಿ ಇನ್ನೊಂದು ಆಮೆಯ ಮುಖವನ್ನೇ ಕಂಡಿಲ್ಲವಲ್ಲ ಇದು, ಎಂದು ಕೇಳಿದಳು. ಕೋಳಿ ಮೊಟ್ಟೆ ಇಡುವುದಕ್ಕೆ ಹುಂಜ ಬೇಕೇ ಬೇಕು ಅಂತಿಲ್ಲವಲ್ಲ, ಹಾಗೇ, ಒಳಗೆ ಜೀವ ಇರುವುದಿಲ್ಲ ಅಷ್ಟೆ, ಎಂದು ಡಾಕ್ಟರು ವಿವರಿಸಿದರು.

"ಹಾಗಾದರೆ ಸರಿಯಾದ ಮನೆಗೇ ಬಂದಿದ್ದಾಳೆ" ಎಂದಳು ಅತ್ತೆ.

ನಗುವ ವಿಷಯವಾಗಿರಲಿಲ್ಲ. ಆಮೆ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮಣ್ಣು ಬೇಕು, ಗುಂಡಿ ತೋಡುವಷ್ಟು ಆಳವಾದ, ತೇವವಾದ, ಬೆಚ್ಚಗಿನ ಮಣ್ಣು. ಅದು ಸಿಗದೆ ಟಬ್ಬಿನ ಗೋಡೆ ಕೆರೆದಿದ್ದಾಳೆ, ಬೀರುವಿನ ಅಡಿಯ ನೆಲ ಕೆರೆದಿದ್ದಾಳೆ. ಹೊಟ್ಟೆಯಲ್ಲಿ ಜಾಗವಿಲ್ಲ, ಊಟ ಬೇಡವಾಗಿದೆ. ಇನ್ನೂ ತಡೆದಿಟ್ಟುಕೊಂಡರೆ ಒಳಗೇ ಕೊಳೆತು ನಂಜಾಗುತ್ತದೆ. ವಾರದ ಕೊನೆಯವರೆಗೆ ಮಣ್ಣಿನಲ್ಲಿ ಬಿಟ್ಟು ನೋಡಿ, ಯಾರೂ ಇಣುಕಬೇಡಿ, ಆಗದಿದ್ದರೆ ಚುಚ್ಚುಮದ್ದು ಕೊಡೋಣ, ಅದೂ ಕೈಕೊಟ್ಟರೆ ಚಿಪ್ಪು ಕೊಯ್ಯಬೇಕಾಗುತ್ತದೆ, ಉಳಿಯುತ್ತಾಳೆ ಎಂದು ಮಾತು ಕೊಡಲಾರೆ, ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಮನೆಗೆ ಬಂದು ಅತ್ತೆ ಇದನ್ನೆಲ್ಲ ಹೇಳಿದಾಗ ಅಪ್ಪ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮೂರನೇ ಮಹಡಿಗೆ ಮಣ್ಣು ಎಂದು ಕೇಳಿ ಅವನ ನಗು ನಿಂತಿತು. ಕಟ್ಟಡದವರು ಸುಮ್ಮನಿರುತ್ತಾರಾ, ಮನೆಯೋ ಹೊಲವೋ ಇದು, ಎಂದ. ಅತ್ತೆ ಉತ್ತರಿಸುವ ಮೊದಲೇ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಕೈ ಒರೆಸಿಕೊಳ್ಳುತ್ತ, ಎಷ್ಟು ದಿನದಿಂದ ಹೀಗೆ ಹೊತ್ತುಕೊಂಡು ತಿರುಗುತ್ತಿದ್ದಾಳೆ ಎಂದು ಕೇಳಿದಳು. ಅತ್ತೆ ಹೇಳಿದಳು. ಅಮ್ಮ ಟಬ್ಬಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮೊದಲ ಸಲ ಎಂಬಂತೆ ಆಮೆಯನ್ನು ನೋಡಿದಳು. ನಾನು ಹುಟ್ಟುವಾಗ ಅಮ್ಮ ಎರಡು ದಿನ ನೋವು ತಿಂದಿದ್ದಳು. ಸ್ವಲ್ಪ ತಾಳ್ಕೊ, ಎಲ್ಲರಿಗೂ ಆಗುವುದೇ ಎಂದು ಸುತ್ತಲಿದ್ದವರೆಲ್ಲ ಹೇಳುತ್ತಲೇ ಇದ್ದರಂತೆ.

"ಹೊತ್ತವಳಿಗೆ ಗೊತ್ತು" ಎಂದಳು ಅಪ್ಪನಿಗೆ. "ನೀವು ನಕ್ಕಿದ್ದು ಸಾಕು. ಅತ್ತಿಗೆ, ಮಣ್ಣು ಎಲ್ಲಿ ಹಾಕೋಣ ಹೇಳಿ."

ಅತ್ತೆಯದು ಪೆಟ್ಟಿಗೆ ಮಂಚ. ಹಾಸಿಗೆ ಎತ್ತಿದರೆ ಕೆಳಗೆ ಕಂಬಳಿ, ಹಳೆಯ ಬಟ್ಟೆ ತುಂಬಿಡುವ ಜಾಗ. ಅವಳು ಒಂದು ಕ್ಷಣವೂ ಯೋಚಿಸದೆ ಹಾಸಿಗೆಯನ್ನು ಸುತ್ತಿ ಹಾಲ್‌ಗೆ ತಂದು ನನ್ನದರ ಪಕ್ಕದಲ್ಲಿ ಹಾಕಿದಳು. ಮೇಲಿನ ಹಲಗೆಗಳನ್ನು ಕಳಚಿ, ಕಂಬಳಿಗಳನ್ನು ಹೊರಗೆ ಹಾಕಿ, ಪೆಟ್ಟಿಗೆಯ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹೊದಿಸಿದಳು.

ಮಣ್ಣು, ಮರಳು ಎರಡೂ ಗಿಡ ಮಾರುವ ಅಂಗಡಿಯಿಂದ ಬಂದವು. ಗಾಡಿಯವನು ಚೀಲಗಳನ್ನು ಕೆಳಗೆ ಇಳಿಸಿ ಹೋದ. ಲಿಫ್ಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಟ್ಟಡದ ಸೆಕ್ರೆಟರಿ ಕೂತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಆ ಕುರ್ಚಿಯೇ ಅವರ ಆಫೀಸು. ಚೀಲದೊಳಗೆ ಏನು ಎಂದು ಕೇಳಿದರು. ಮಣ್ಣು ಎಂದಳು ಅತ್ತೆ. ಮಣ್ಣು ಲಿಫ್ಟಿನಲ್ಲಿ ಒಯ್ಯುವಂತಿಲ್ಲ, ಬಾಗಿಲ ಸಂದಿಗೆ ಸೇರಿದರೆ ಕೆಟ್ಟು ನಿಲ್ಲುತ್ತದೆ, ಎಂದರು. ಅದು ಸರಿಯಾದ ಮಾತೇ ಆದ್ದರಿಂದ ಅತ್ತೆ ಒಪ್ಪಿದಳು, ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲ ಕಡೆ ನಡೆದಳು. ಆಗ ಅವರು, ಮೆಟ್ಟಿಲ ಮೇಲೂ ಆಗುವುದಿಲ್ಲ, ಮನೆಯೊಳಗೆ ಮಣ್ಣು ತುಂಬಲು ಯಾರ ಒಪ್ಪಿಗೆ ತೆಗೆದುಕೊಂಡಿದ್ದೀರಿ, ಎಂದು ಅಡ್ಡ ಬಂದರು.

"ನನ್ನ ಮಂಚದೊಳಗೆ ನಾನು ಏನು ಇಟ್ಕೋಬೇಕು ಅಂತ ನಿಮ್ಮನ್ನು ಕೇಳಬೇಕಾ?" ಎಂದಳು ಅತ್ತೆ.

ಐವತ್ತು ದಾಟಿದ ಹೆಂಗಸು ಅಂಥ ಚೀಲ ಹೊತ್ತು ಮೂರು ಮಹಡಿ ಹತ್ತುತ್ತಾಳೆ ಎಂದು ಸೆಕ್ರೆಟರಿ ಎಣಿಸಿರಲಿಲ್ಲ. ಅವಳು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ನಾನು ಒಂದು ಚೀಲದ ಕಿವಿ ಹಿಡಿದೆ. ಅಷ್ಟರಲ್ಲಿ ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದು ಇನ್ನೊಂದು ಕಿವಿ ಹಿಡಿದಳು. ಯಾವತ್ತೂ ಸೆಕ್ರೆಟರಿಯ ಎದುರು ತಲೆ ತಗ್ಗಿಸಿಯೇ ಓಡಾಡುತ್ತಿದ್ದವಳು ಅಂದು ಅವರ ಕುರ್ಚಿಯ ಮುಂದೆಯೇ ಉಸಿರು ತೆಗೆದುಕೊಳ್ಳಲು ಚೀಲ ಇಳಿಸಿದಳು, ಸ್ವಲ್ಪ ಕಾಲು ತೆಗೀರಿ ಎಂದಳು. ಅದೇ ಹೊತ್ತಿಗೆ ಅಪ್ಪ ಕೆಲಸ ಮುಗಿಸಿ ಬಂದ. ನಿಮ್ಮ ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ ಎಂದರು ಸೆಕ್ರೆಟರಿ. ಅಪ್ಪ ಅವರನ್ನು ನೋಡಿದ, ನಮ್ಮನ್ನು ನೋಡಿದ. ಲಿಫ್ಟಿನಲ್ಲಿ ಮೇಲೆ ಹೋದ.

ಮಂಚದ ಹೊಟ್ಟೆ ಅರ್ಧಕ್ಕಿಂತ ಹೆಚ್ಚು ತುಂಬಿತು. ಅತ್ತೆ ನೀರು ಚಿಮುಕಿಸಿ, ಹಿಡಿಯಲ್ಲಿ ಹಿಸುಕಿ ಹದ ನೋಡಿದಳು. ಬಲ್ಬು ಕಟ್ಟಿದಳು. ಕಿಟಕಿಗೆ ಬೆಡ್‌ಶೀಟು ಬಿಗಿದಳು. ಯಜಮಾನರನ್ನು, ಅಮ್ಮನ ಬಾಯಲ್ಲಿ ಅಷ್ಟರಲ್ಲೇ ಯಜಮಾನಮ್ಮ ಆಗಿದ್ದವರನ್ನು, ಮಣ್ಣಿನ ಮೇಲೆ ಬಿಟ್ಟು ಬಾಗಿಲು ಎಳೆದುಕೊಂಡಳು.

ಮೊದಲ ದಿನ ಯಜಮಾನಮ್ಮ ಮೂಲೆಯಿಂದ ಮೂಲೆಗೆ ನಡೆದಳು. ಮರುದಿನ ಒಂದು ಗುಂಡಿ ಅರ್ಧ ತೋಡಿ ಬಿಟ್ಟಳು. ಅಪ್ಪ ತನ್ನ ಅಂಗಿ ಆ ಕೋಣೆಯ ಬೀರುವಿನಲ್ಲಿದೆ ಎಂದು ಒಳಗೆ ಹೋಗಿದ್ದೇ ಅದಕ್ಕೆ ಕಾರಣ ಎಂದು ಅತ್ತೆ ತೀರ್ಮಾನಿಸಿದಳು. ಅಪ್ಪನ ಬಟ್ಟೆಗಳನ್ನೆಲ್ಲ ತಂದು ಹಾಲ್‌ನ ಕುರ್ಚಿಯ ಮೇಲೆ ರಾಶಿ ಹಾಕಿ, ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕೂತಳು. ಅವಳು ಕೆಲಸದಿಂದ ಬರುವುದು ತಡವಾದಾಗ, ಶಿಶುವಿಹಾರದಿಂದ ಬಂದ ಅಮ್ಮ ಆ ಸ್ಟೂಲಿನ ಮೇಲೆ ಕೂತಳು.

ವಾರದ ಕೊನೆಯ ಮಧ್ಯಾಹ್ನ ಒಳಗಿನ ಕೆರೆತ ನಿಂತುಹೋಯಿತು. ಅತ್ತೆ ತುಂಬ ಹೊತ್ತು ತಡೆದುಕೊಂಡಳು. ಕೊನೆಗೆ ಬೀಗದ ತೂತಿಗೆ ಕಣ್ಣಿಟ್ಟು, ನಮ್ಮ ಕಡೆ ತಿರುಗದೆ ಕೈ ಮಾತ್ರ ಎತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಆಮೆ ಗುಂಡಿಯ ಮೇಲೆ ಹಿಂಗಾಲು ಇಳಿಬಿಟ್ಟು ಕೂತಿತ್ತು. ಒಂದೊಂದೇ ಮೊಟ್ಟೆ ಬೀಳುವಾಗ ಹಿಂಗಾಲಿನಿಂದ ಅದನ್ನು ಮೆಲ್ಲಗೆ ಬದಿಗೆ ಸರಿಸುತ್ತಿತ್ತಂತೆ. ಎಲ್ಲ ಮುಗಿದು ಮಣ್ಣು ಮುಚ್ಚಿ ಅದು ದೂರ ಸರಿದ ಮೇಲೆಯೇ ನಾವು ಒಳಗೆ ಹೋದದ್ದು. ಅಗೆದು ನೋಡಿ ಎಕ್ಸ್‌ರೇ ಜೊತೆ ಹೋಲಿಸಿದರೆ ಒಂದು ಕಡಿಮೆ ಇತ್ತು.

ಮತ್ತೆ ಊರಿನ ಆ ತುದಿಗೆ ಹೋದೆವು. ಡಾಕ್ಟರು ಮುಟ್ಟಿ ನೋಡಿ, ಒಂದು ಒಳಗೇ ನಿಂತಿದೆ ಎಂದು ಚುಚ್ಚುಮದ್ದು ಕೊಟ್ಟರು. ಅಲ್ಲೇ ಬಹಳ ಹೊತ್ತು ಕಾದೆವು, ಏನೂ ಆಗಲಿಲ್ಲ. ಮನೆಗೆ ಹೋಗಿ ಮಣ್ಣಿನಲ್ಲಿ ಬಿಡಿ, ಬೆಳಿಗ್ಗೆಯವರೆಗೆ ಬರದಿದ್ದರೆ ಫೋನ್ ಮಾಡಿ, ಎಂದರು. ಬಸ್ಸು ಕಿಕ್ಕಿರಿದಿತ್ತು. ಅತ್ತೆಗೆ ಯಾರೋ ಸೀಟು ಬಿಟ್ಟುಕೊಟ್ಟರು. ತೊಡೆಯ ಮೇಲಿನ ಬುಟ್ಟಿಯೊಳಗೆ ಆಮೆ ಒದ್ದಾಡತೊಡಗಿತು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿ, ಪ್ರಾಣಿಗಳನ್ನು ಬಸ್ಸಿನಲ್ಲಿ ತರುವಂತಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಿ, ಎಂದ.

"ಹೆರಿಗೆ ಆಗ್ತಾ ಇದೆ" ಎಂದಳು ಅತ್ತೆ ಇಡೀ ಬಸ್ಸಿಗೆ ಕೇಳುವ ಹಾಗೆ. "ಇಳಿಯೋದಿಲ್ಲ. ಸ್ವಲ್ಪ ಗಾಳಿ ಬಿಡಿ."

ಜನ ನಿಜವಾಗಿಯೂ ಸರಿದರು. ಯಾರಿಗೆ ಹೆರಿಗೆ ಎಂದು ಹಿಂದಿನವರು ಕೇಳಿದರು, ಮುಂದಿನವರು ಹೇಳಿದರು, ಮಾತು ಸೀಟಿನಿಂದ ಸೀಟಿಗೆ ಹೋಗಿ ನಗುವಾಗಿ ವಾಪಸು ಬಂತು. ಕಂಡಕ್ಟರ್ ಇನ್ನೊಮ್ಮೆ ಇಳಿಯಲು ಹೇಳಿದ. ಕಿಟಕಿ ಪಕ್ಕದ ಮುದುಕಿಯೊಬ್ಬಳು, ನಿನ್ನಮ್ಮನನ್ನೂ ಹೀಗೇ ಇಳಿಸಿದ್ದರೆ ನೀನೆಲ್ಲಿರುತ್ತಿದ್ದೆಯಪ್ಪ, ಎಂದು ಕೇಳಿದಳು. ಅವನು ಸೀಟಿ ಊದಿ ಮುಂದೆ ಹೋದ. ಎರಡು ಸ್ಟಾಪು ದಾಟುವುದರೊಳಗೆ ಕೊನೆಯ ಮೊಟ್ಟೆ ಒದ್ದೆ ಟವೆಲಿನ ಮೇಲೆ ಬಂತು. ಅತ್ತೆ ಅದನ್ನು ಎತ್ತಿ ಹಿಡಿದು, ಕೇಳಿದವರಿಗೆಲ್ಲ ತೋರಿಸಿದಳು.

ಮನೆಗೆ ಬಂದ ಮೇಲೂ ಯಜಮಾನಮ್ಮ ಊಟ ಮುಟ್ಟಲಿಲ್ಲ. ಎರಡು ದಿನ ಬಲ್ಬಿನ ಕೆಳಗೆ ಕಾಲು ಚಾಚಿ ಬಿದ್ದುಕೊಂಡಿದ್ದಳು. ಅತ್ತೆ ಕೆಲಸಕ್ಕೆ ಹೋಗುವುದು, ಬರುವುದು, ಸೊಪ್ಪು ಬದಲಿಸುವುದು. ಮೂರನೆಯ ದಿನ ಸಂಜೆ ಅವಳು ಹಾಲ್‌ನಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಮ್ಮ ಚಿಕ್ಕ ಕೋಣೆಯ ಬಾಗಿಲಲ್ಲಿ ಕಾಣಿಸಿಕೊಂಡಳು, ಕೈಯಲ್ಲಿ ಚಿಮುಟ ಹಾಗೇ ಇತ್ತು.

"ಅತ್ತಿಗೆ" ಎಂದಳು, "ತಿಂದಳು."

ಅತ್ತೆ ಅಲ್ಲೇ ಕುರ್ಚಿಯ ಮೇಲೆ, ಅಪ್ಪನ ಬಟ್ಟೆಗಳ ರಾಶಿಯ ಮೇಲೆಯೇ ಕೂತುಬಿಟ್ಟಳು.

ಆದರೆ ಬಸ್ಸಿನ ಸುದ್ದಿ ಬಸ್ಸಿನ ಜೊತೆಯೇ ಡಿಪೋ ಸೇರಿತ್ತು. ಕಂಡಕ್ಟರಿಗೆ ಅತ್ತೆ ಯಾರ ಅಕ್ಕ ಎಂದು ಗೊತ್ತಿತ್ತು. ಅಪ್ಪನ ಮೇಜಿನ ಮೇಲೆ ಯಾರೋ ಒಂದು ಕೋಳಿಮೊಟ್ಟೆ ಇಟ್ಟು, ಬಾಣಂತಿ ಹೇಗಿದ್ದಾರೆ ಎಂದು ಕೇಳಿದರಂತೆ. ಅಂದು ಅವನು ಮನೆಗೆ ಬಂದವನೇ, ತನ್ನ ಮಾನ ಬಸ್ಸಿನಲ್ಲಿ ಹರಾಜಾಯಿತು, ಕೆಳಗೆ ಸೆಕ್ರೆಟರಿಯ ಕಾಟ, ಮೇಲೆ ಮಣ್ಣಿನ ವಾಸನೆ, ಭಾನುವಾರದೊಳಗೆ ಆ ಮಣ್ಣು ಈ ಮನೆಯಿಂದ ಹೊರಗೆ ಹೋಗಬೇಕು, ಎಂದ. ಅತ್ತೆ ಜಗಳ ಆಡಲಿಲ್ಲ. ಮುಂದಿನ ವರ್ಷವೂ ಮೊಟ್ಟೆ ಇಡುತ್ತಾಳೆ, ಪ್ರತಿ ವರ್ಷ ಮಣ್ಣು ಬೇಕು ಅಂತ ಡಾಕ್ಟರು ಹೇಳಿದ್ದಾರೆ, ಹೋಗಲಿ ಬಿಡು, ಎಂದಷ್ಟೇ ಹೇಳಿದಳು. ಅಪ್ಪ ತಾನು ಗೆದ್ದೆ ಎಂದುಕೊಂಡ.

ಶನಿವಾರ ಅವಳು ಬೇಗ ಬಂದು ತನ್ನ ಬಟ್ಟೆ ಮಡಚತೊಡಗಿದಳು. ಎರಡು ಬೀದಿ ಆಚೆ, ಟೈಲರ್ ಅಂಗಡಿಯ ಹಿಂದೆ ಒಂದು ಕೋಣೆ, ಅದರ ಹಿಂದೆ ನಾಲ್ಕು ಹೆಜ್ಜೆ ಅಗಲದ ಅಂಗಳ ನೋಡಿ ಬಂದಿದ್ದಳು. ಅಪ್ಪನಿಗೆ ನಂಬಲಾಗಲಿಲ್ಲ. ತಾನು ಹೇಳಿದ್ದು ಮಣ್ಣಿನ ವಿಷಯ, ಅಕ್ಕನ ವಿಷಯವಲ್ಲ ಎಂದ. ಒಂದು ಆಮೆಗೋಸ್ಕರ ಮನೆ ಬಿಡುತ್ತಾರಾ ಎಂದ. ಕೊನೆಗೆ ತಗ್ಗಿದ ದನಿಯಲ್ಲಿ, ಅಕ್ಕನನ್ನು ತಮ್ಮ ಹೊರಗೆ ಹಾಕಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದ.

"ನೀನು ಹಾಕಲಿಲ್ಲ, ನಾನೇ ಹೊರಟೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ" ಎಂದಳು ಅತ್ತೆ. "ಅಪ್ಪನ ಮನೇಲಿದ್ದೆ, ಆಮೇಲೆ ನಿನ್ನ ಮನೇಲಿದ್ದೆ. ಆಮೆಗೋಸ್ಕರ ಅಲ್ಲ ಕಣೋ. ಆಮೆಯಿಂದ ಗೊತ್ತಾಯಿತು, ಅಷ್ಟೆ."

ಅಪ್ಪ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಮಣ್ಣಿನ ಚೀಲಗಳನ್ನು ಅಮ್ಮ, ಅತ್ತೆ, ನಾನು ಮತ್ತೆ ಮೆಟ್ಟಿಲ ಮೇಲಿಂದಲೇ ಇಳಿಸಿದೆವು. ಸೆಕ್ರೆಟರಿ ಕುರ್ಚಿಯಿಂದ ಎದ್ದು ದಾರಿ ಬಿಟ್ಟರು.

ಇದಾಗಿ ಈಗ ವರ್ಷವಾಗುತ್ತ ಬಂತು. ಚಿಕ್ಕ ಕೋಣೆ ನನ್ನದಾಗಿದೆ. ಅಮ್ಮ ವಾರಕ್ಕೊಮ್ಮೆ ಶಿಶುವಿಹಾರದಿಂದ ನೇರ ಅಲ್ಲಿಗೆ ಹೋಗಿ ಬರುತ್ತಾಳೆ, ಅಪ್ಪನಿಗೆ ಹೇಳಿಯೇ ಹೋಗುತ್ತಾಳೆ. ಅಪ್ಪ ಇನ್ನೂ ಹೋಗಿಲ್ಲ. ಆದರೆ ಅಮ್ಮ ಬಂದ ಮೇಲೆ, ಅಲ್ಲಿ ನೀರು ಸರಿಯಾಗಿ ಬರುತ್ತಾ, ಬಾಗಿಲಿನ ಚಿಲಕ ಗಟ್ಟಿ ಇದೆಯಾ ಎಂದು ಯಾರನ್ನೂ ನೋಡದೆ ಕೇಳುತ್ತಾನೆ.

ಮೊನ್ನೆ ನಾನು ಹೋದಾಗ ಅತ್ತೆ ಅಂಗಳದ ಮಣ್ಣು ಸಡಿಲಿಸುತ್ತಿದ್ದಳು. ಯಜಮಾನಮ್ಮ ಬಿಸಿಲಲ್ಲಿ ಗೋಡೆಯುದ್ದಕ್ಕೂ ನಡೆಯುತ್ತಿದ್ದಳು. ಒಬ್ಬಳೇ ಹೇಗಿದ್ದೀಯ ಎಂದು ಕೇಳಿದೆ. ಅವಳು ಕೈಯ ಮಣ್ಣು ಕೊಡವಿಕೊಂಡಳು.

"ಊಟ ಆಯ್ತಾ ಅಂತ ಕೇಳೋರು ಯಾರೂ ಇಲ್ಲ ಪುಟ್ಟಿ. ಕೆಲವು ಸಂಜೆ ಬಹಳ ಬೇಜಾರಾಗುತ್ತೆ" ಎಂದಳು. "ಆಗಲಿ ಬಿಡು. ಬೇಜಾರು ಮಾಡ್ಕೊಂಡೇ ಇರ್ತೀನಿ, ಇಲ್ಲೇ ಇರ್ತೀನಿ."

ಆಮೇಲೆ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, ಆ ಮೂಲೆ ಇನ್ನೂ ಗಟ್ಟಿ ಇದೆ, ಸ್ವಲ್ಪ ಆಳವಾಗಿ ಅಗೆ, ಎಂದು ಹೇಳಿ ನೀರು ತರಲು ಒಳಗೆ ಹೋದಳು.